ಗೋಡೆಗೆ ಮುಖ ಮಾಡಿದ ಕನ್ನಡಿ

ಮೊದಲು ಮುಖ ತಿರುಗಿಸಿದ್ದು ಕೈತೊಳೆಯುವ ಜಾಗದ ಕನ್ನಡಿ.

ಒದ್ದೆ ಟವೆಲು ತೆಗೆದು ಒಣಗಿದ್ದನ್ನು ಹಾಕಲು ಹೋದ ಸುಹರಾ, ತನ್ನ ಮುಖ ಕಾಣಬೇಕಾದ ಕಡೆ ಕಂದು ಬಣ್ಣದ ಹಲಗೆ ಕಂಡು ಬೆಚ್ಚಿದಳು. ಕನ್ನಡಿ ಅಲ್ಲೇ ಇತ್ತು, ಅದೇ ಮೊಳೆಯ ಮೇಲೆ. ಯಾರೋ ಅದನ್ನು ಜೋಪಾನವಾಗಿ ತೆಗೆದು, ತಿರುಗಿಸಿ, ಮತ್ತೆ ನೇತುಹಾಕಿದ್ದರು. ಒಂದಿಷ್ಟೂ ಸೊಟ್ಟಗಾಗಿರಲಿಲ್ಲ.

"ನಜ್ಲಾ, ಈ ಕನ್ನಡಿಗೆ ಎಂತ ಆಯ್ತು?"

"ಯಾರಾದ್ರೂ ಒರೆಸ್ಲಿಕ್ಕೆ ತೆಗೆದಿರ್ಬೇಕು ಉಮ್ಮ, ಬಿಡಿ," ಎಂದಳು ಮಗಳು, ತಾನು ಪಾಠ ಹೇಳುವ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ.

ಸುಹರಾ ಅದನ್ನು ಸರಿಮಾಡಿದಳು. ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಅದು ಮತ್ತೆ ಗೋಡೆಗೆ ಮುಖ ಮಾಡಿತ್ತು.

ಮನೆಗೆ ಹೊಸದಾಗಿ ಬಂದವನು ಒಬ್ಬನೇ, ಪುದಿಯಾಪ್ಳ, ಎಂದರೆ ಹೊಸ ಅಳಿಯ. ತಲಶ್ಶೇರಿಯ ಆ ಬೀದಿಯ ತರವಾಡು ಮನೆಗಳಲ್ಲಿ ಹೆಣ್ಣುಮಕ್ಕಳು ಮದುವೆಯಾಗಿ ಹೊರಗೆ ಹೋಗುವುದಿಲ್ಲ, ಗಂಡಂದಿರೇ ಒಳಗೆ ಬರುತ್ತಾರೆ. ನಜ್ಲಾಳ ಗಂಡ ಸಫ್ವಾನ್ ಬಂದು ಇನ್ನೂ ಎರಡು ತಿಂಗಳು ಆಗಿರಲಿಲ್ಲ. ಅವನಿಗೆಂದೇ ಮಹಡಿಯ ಕೆಳಗಿನ ಕೋಣೆಗೆ ಹೊಸ ಬಣ್ಣ ಹೊಡೆಸಿ, ಆಳೆತ್ತರದ ಕನ್ನಡಿಯ ಕಪಾಟು ಮಾಡಿಸಿ, ಮದುಮಕ್ಕಳ ಮಣಿಯರೆಯಾಗಿ ಅಲಂಕರಿಸಿದ್ದರು. ಪುದಿಯಾಪ್ಳ ಎಂದರೆ ಆ ಮನೆಗೆ ಅರಸು. ಅರಸನನ್ನು ಯಾರೂ ಕಾರಣ ಕೇಳುವುದಿಲ್ಲ. ಕನ್ನಡಿ ತಿರುಗಿಸಿದ್ದು ಅವನೇ ಆಗಿದ್ದರೆ, ತಿರುಗಿಯೇ ಇರಲಿ ಎಂದುಕೊಂಡು ಸುಹರಾ ಟವೆಲು ಹಾಕಿ ಅಡುಗೆಮನೆಗೆ ಮರಳಿದಳು.

ಆಮೇಲೆ ಊಟದ ಕೋಣೆಯ ಷೋಕೇಸಿನ ಗಾಜಿನ ಮೇಲೆ ಮದುವೆಯ ಶಾಲೊಂದು ಬಂದು ಬಿತ್ತು. ನಡುಕೋಣೆಯ ಬಲ್ಬು ಕಾಣೆಯಾಯಿತು. ಹೊಸದು ಹಾಕಿದರೆ ಅದೂ ಕಾಣೆಯಾಯಿತು. ದೊಡ್ಡ ಸ್ಟೀಲಿನ ಪರಾತ ಊಟದ ಮೇಜಿನ ಮೇಲೆ ಬೋರಲಾಗಿ ಬಿದ್ದಿರುತ್ತಿತ್ತು. ಹೊಳಪಿದ್ದುದೆಲ್ಲ ಒಂದೊಂದಾಗಿ ಕಣ್ಣು ಮುಚ್ಚಿಕೊಳ್ಳುತ್ತಿತ್ತು.

ಅವನ ಊಟವೂ ಹಾಗೆಯೇ ಕಡಿಮೆಯಾಗುತ್ತಾ ಬಂತು. ಸುಹರಾಳಿಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಅದು. ತುಂಬಿಸಿ ಹುರಿದ ಇಡೀ ಕೋಳಿ ಒಂದು ರೆಕ್ಕೆ ಮಾತ್ರ ಕಳೆದುಕೊಂಡು ವಾಪಸು ಬಂತು. ಮೊಟ್ಟೆಯ ಹಳದಿಯನ್ನು ಸಕ್ಕರೆ ಪಾಕದಲ್ಲಿ ನೂಲು ನೂಲಾಗಿ ಇಳಿಸಿ ಬೆಳಗಿನಿಂದ ಮಾಡಿದ ಮುಟ್ಟಮಾಲ ಮುಟ್ಟಿದಂತೆಯೇ ಇರಲಿಲ್ಲ.

"ಉಪ್ಪು ಜಾಸ್ತಿ ಆಯ್ತಾ? ನಮ್ಮ ಮೇಲೆ ಏನಾದ್ರೂ ಬೇಜಾರಾ? ಕೇಳಿ ನೋಡಿ," ಎಂದು ಅವಳು ಗಂಡನಿಗೆ ದುಂಬಾಲು ಬಿದ್ದಳು.

ತಟ್ಟೆಗಳನ್ನು ಒಳಗೆ ಹೊರಗೆ ಸಾಗಿಸುವುದು ಗಂಡ ಅಬೂಟಿಯ ಕೆಲಸ. "ಕೇಳಿದೆ ಮಾರಾಯ್ತಿ. ಚೆನ್ನಾಗುಂಟು ಅಂದ. ಕೆನ್ನೆಗೆ ಕೈ ಕೊಟ್ಟು ಕೂತಿದ್ದಾನೆ, ಬಸ್ಸು ತಪ್ಪಿಸಿಕೊಂಡವರ ಹಾಗೆ."

"ಕೆನ್ನೆಗಾ? ಹಲ್ಲುನೋವಿರ್ಬೇಕು!"

ಮಾರನೆಯ ದಿನದಿಂದ ಮೆತ್ತನೆಯ ಅಡುಗೆ ಶುರುವಾಯಿತು. ಗೋಧಿ, ಮಾಂಸ ಬೇಯಿಸಿ ಬೇಯಿಸಿ ಅರೆದ ಅಲೀಸ. ತೆಂಗಿನ ಹಾಲಿನಲ್ಲಿ ನೆನೆಸಿದ ಅಕ್ಕಿರೊಟ್ಟಿ ಪತ್ತಿರಿ. ಹಲ್ಲಿಲ್ಲದ ಮುದುಕರಿಗೆ ಹಬ್ಬ. ಸುಹರಾಳ ತಾಯಿ ಕುಂಞಿಪ್ಪಾತು ಎರಡೆರಡು ಬಟ್ಟಲು ಅಲೀಸ ಉಂಡು ತೇಗಿದಳು. ಪುದಿಯಾಪ್ಳನ ಬಟ್ಟಲು ಮಾತ್ರ ಕೆನೆಗಟ್ಟಿ ವಾಪಸು ಬಂತು.

ಸುಹರಾ ತಾನೇ ಕೇಳಬಹುದಿತ್ತು. ಆದರೆ ಆ ಮನೆಯಲ್ಲಿ ಹಾಗಿರಲಿಲ್ಲ. ಪುದಿಯಾಪ್ಳ ಉಣ್ಣುವಾಗ ಅಮ್ಮಾಯಿ, ಎಂದರೆ ಅತ್ತೆ, ಪರದೆಯ ಹಿಂದೆ ನಿಂತಿರಬೇಕು. ಅವನು ಎದುರು ಬಂದರೆ ತಲೆವಸ್ತ್ರ ಮುಂದೆಳೆದುಕೊಂಡು ಕಣ್ಣು ನೆಲಕ್ಕಿಳಿಸಬೇಕು. ಬೀದಿಯ ಉಳಿದ ಮನೆಗಳಲ್ಲಿ ಈ ಪದ್ಧತಿ ಬಿಟ್ಟು ಒಂದು ತಲೆಮಾರಾಗಿತ್ತು, ಈಗಿನ ಅಮ್ಮಾಯಿಯರು ಅಳಿಯನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕುಂಞಿಪ್ಪಾತು ಉಸಿರಿರುವ ತನಕ ಈ ಹೊಸ್ತಿಲೊಳಗೆ ಅದು ನಡೆಯುವಂತಿರಲಿಲ್ಲ. "ಪುದಿಯಾಪ್ಳನ ಮುಖ ದಿಟ್ಟಿಸಿ ನೋಡೋದು ಅವನ ಮರ್ಯಾದೆ ತೆಗೆದ ಹಾಗೆ," ಎನ್ನುತ್ತಿದ್ದಳು.

ಹೀಗಾಗಿ ಸುಹರಾಳಿಗೆ ಅಳಿಯನೆಂದರೆ ಒಂದು ಜೊತೆ ಪಾದ, ಪರದೆಯ ಸಂದಿಯಲ್ಲಿ ಕಾಣುವ ಕೈ, ಕೆಮ್ಮು, ಸೋಪಿನ ವಾಸನೆ. ನಿಕಾಹಿನ ದಿನವೂ ಅವಳು ಕಂಡದ್ದು ಅವನ ಶೂಗಳನ್ನು. ಮದುವೆಯ ಫೋಟೋಗಳು ಬಂದಾಗ ನೋಡಬಹುದೆಂದುಕೊಂಡಿದ್ದಳು. ಆದರೆ ಆಲ್ಬಮ್ಮನ್ನು ಸಫ್ವಾನ್ ಯಾರಿಗೂ ಕೊಟ್ಟಿರಲಿಲ್ಲ.

ಪರದೆಯ ಸಂದಿಯಿಂದ ಅವಳು ಆ ಕೈಯನ್ನೇ ನೋಡುತ್ತಿದ್ದಳು. ತುತ್ತಿಗೊಂದು ಸಲ ಎಡಗೈ ಮೇಲೆ ಹೋಗುತ್ತಿತ್ತು, ಕಣ್ಣಿಗೆ ಕಾಣದ ಯಾವುದನ್ನೋ ತಡವಿ ಕೆಳಗೆ ಬರುತ್ತಿತ್ತು. ಕತ್ತಲಲ್ಲಿ ಬೀಗದ ತೂತು ಹುಡುಕುವವರು ಹಾಗೆ ತಡವುತ್ತಾರೆ.

*

ಬಟ್ಟೆ ಒಗೆಯಲು ಹಾಕುವಾಗ ದಿಂಬಿನ ಚೀಲಗಳು ಕೈಗೆ ಬಂದವು. ಒಂದರ ಮೇಲೆ ಸಾಸಿವೆಯಷ್ಟಷ್ಟೇ ರಕ್ತದ ಚುಕ್ಕೆಗಳು, ಒಂದೇ ಬದಿಯಲ್ಲಿ. ಅದರ ಸುತ್ತ ಮೈಬಣ್ಣದ ಪುಡಿಯ ಕಲೆ.

"ಇದು ನಿಂದಾ?"

ನಜ್ಲಾ ಶಾಲೆಯ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದಳು. ತಲೆಯೆತ್ತದೆ, "ಹ್ಞೂಂ," ಎಂದಳು.

ಹುಟ್ಟಿದಂದಿನಿಂದ ಮಗಳ ಮುಖಕ್ಕೆ ಕಣ್ಣಿನ ಸುರುಮ ಬಿಟ್ಟು ಬೇರೇನೂ ತಾಗಿರಲಿಲ್ಲ. ಆ ಪುಡಿಯ ಬಣ್ಣ ನಜ್ಲಾಳ ಮೈಬಣ್ಣಕ್ಕಿಂತ ಎಷ್ಟೋ ಬಿಳಿ.

ಅದೇ ವಾರ ಒಂದು ಮಧ್ಯಾಹ್ನ, ನಜ್ಲಾ ಶಾಲೆಯಲ್ಲಿದ್ದಳು, ಅಬೂಟಿ ಮೀನಿನ ಮಾರುಕಟ್ಟೆಗೆ ಹೋಗಿದ್ದ. ಸಫ್ವಾನ್ ಅಂಗಡಿಗೆ ಹೋಗಿದ್ದಾನೆಂದೇ ಸುಹರಾ ತಿಳಿದಿದ್ದಳು. ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ ಅವನ ತಂದೆಯ ಕಾಲದ ಕನ್ನಡಕದ ಅಂಗಡಿ. ನಡುಕೋಣೆ ಗುಡಿಸುತ್ತಾ ಮಣಿಯರೆಯ ಬಾಗಿಲ ಹತ್ತಿರ ಬಂದಾಗ ಒಳಗಿಂದ ದನಿ ಕೇಳಿಸಿತು.

"ಈಗ?"

ಸ್ವಲ್ಪ ಹೊತ್ತು ಸದ್ದಿಲ್ಲ.

"ಈಗ?"

ಯಾರೂ ಉತ್ತರ ಕೊಡಲಿಲ್ಲ. ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳ್ಳನೆಯ ಬೆಳಕು ಹತ್ತಿತು, ಆರಿತು. ಮತ್ತೆ ಹತ್ತಿತು.

"ಈಗ? ಈಗ?"

ಮಗು ಕಣ್ಣಾಮುಚ್ಚಾಲೆಯಲ್ಲಿ ಕೇಳುವ ಹಾಗೆ ಕೇಳುತ್ತಿದ್ದ, ಆದರೆ ಆಟವಾಡುವ ದನಿಯಲ್ಲ. ಸುಹರಾಳ ಕೈಯಲ್ಲಿ ಪೊರಕೆ ನಿಂತುಬಿಟ್ಟಿತು. ಒಳಗೆ ಇನ್ನೊಬ್ಬರು ಇದ್ದಾರೆ, ಉತ್ತರ ಗೊತ್ತಿದ್ದೂ ಹೇಳುತ್ತಿಲ್ಲ ಎಂದು ಅವಳಿಗೆ ಅನ್ನಿಸಿತು. ಕಸವನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಬಂದಳು.

ಕುಂಞಿಪ್ಪಾತು ಹೊಸ್ತಿಲಲ್ಲಿ ಅಡಿಕೆ ಕುಟ್ಟುತ್ತಿದ್ದಳು. "ನಿಂಗೂ ಕೇಳಿಸಿತಾ?"

"ಎಂತದು?"

"ಸುಳ್ಳು ಹೇಳ್ಬೇಡ. ಮುಖ ಸುಣ್ಣವಾಗಿದೆ. ನಿನ್ನ ಪುದಿಯಾಪ್ಳ ಒಬ್ಬನೇ ಬರಲಿಲ್ಲ, ಜೊತೆಗೆ ಇನ್ನೊಬ್ಬನನ್ನೂ ಕರಕೊಂಡು ಬಂದಿದ್ದಾನೆ."

"ಅಲ್ಲಾಹ್! ಹಾಗೆಲ್ಲ ಹೇಳ್ಬೇಡಿ ಉಮ್ಮ."

"ಮತ್ತೆ ಕನ್ನಡಿಗೆ ಹೆದರೋದು ಯಾರು? ಮನುಷ್ಯರಾ? ಉಸ್ತಾದರ ಹತ್ರ ನೀರು ಮಂತ್ರಿಸಿ ತರ್ಸು."

ನೀರು ಬಂತು. ಅಬೂಟಿ ಅದನ್ನು ಚಹಾದಲ್ಲಿ ಬೆರೆಸಿ ಕೊಟ್ಟ. "ಜಿನ್ನಿಗೆ ಸಕ್ಕರೆ ಎಷ್ಟು ಹಾಕ್ಲಿ?" ಎಂದು ಅತ್ತೆಯನ್ನು ಕೆಣಕಿದ, ಅವಳು ನಿಂತಿದ್ದ ಕಡೆ ಬೆನ್ನು ಮಾಡಿಕೊಂಡೇ. ಮೂವತ್ತು ವರ್ಷದಿಂದ ಅವರಿಬ್ಬರ ಮಾತು ನಡೆಯುತ್ತಿದ್ದದ್ದು ಹಾಗೆಯೇ, ಬೆನ್ನಿನ ಮೂಲಕ.

"ಆ ಗಡ್ಡದವನಿಗೆ ಹೇಳು ಸುಹರಾ, ಜಿನ್ನಿನ ಹತ್ರ ತಮಾಷೆ ಬೇಡ ಅಂತ."

"ನಿನ್ನ ಉಮ್ಮನಿಗೆ ಹೇಳು ಸುಹರಾ, ಗಡ್ಡ ಬೋಳಿಸಿ ಹತ್ತು ವರ್ಷ ಆಯ್ತು ಅಂತ."

ಚಹಾದ ಲೋಟ ತುಂಬಿದ್ದಂತೆಯೇ ವಾಪಸು ಬಂತು.

*

ನಜ್ಲಾ ಬಾಯಿ ಬಿಟ್ಟದ್ದು ಶುಕ್ರವಾರ, ಪತ್ತಿರಿ ಒತ್ತುವಾಗ. ಅಕ್ಕಿಹಿಟ್ಟಿನ ಉಂಡೆಯನ್ನು ಲಟ್ಟಣಿಗೆಯಲ್ಲಿ ಒತ್ತುತ್ತಾ ಒತ್ತುತ್ತಾ ಅವಳ ಕೈ ನಿಂತಿತು.

"ಉಮ್ಮ, ಅವರು ಅಂಗಡಿಗೆ ಹೋಗ್ತಿಲ್ಲ."

"ಮತ್ತೆ?"

"ಅಲ್ಲಿ ಸುತ್ತ ಕನ್ನಡಿ. ಗಿರಾಕಿ ಕನ್ನಡಕ ಹಾಕಿ ನೋಡುವಾಗ ಹಿಂದೆ ಇವರ ಮುಖ ಕಾಣ್ತದಂತೆ. ಅದಕ್ಕೆ ಹೋಗೋದು ಬಿಟ್ಟಿದ್ದಾರೆ. ಎಡಗೆನ್ನೆಯಲ್ಲಿ ಗುಂಡಿಗಳುಂಟಂತೆ. ದಿನಾ ಆಳ ಆಗ್ತಾ ಹೋಗ್ತದಂತೆ."

"ಉಂಟಾ?"

ನಜ್ಲಾ ತಾಯಿಯನ್ನು ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು, ಆದರೆ ದನಿಯಲ್ಲಿ ಸಿಟ್ಟು. "ಇಲ್ಲ ಉಮ್ಮ. ಎಂತದೂ ಇಲ್ಲ. ನಾನು ಇಲ್ಲ ಅಂದ್ರೆ ಸುಳ್ಳು ಹೇಳ್ತಿ ಅಂತಾರೆ. ದೀಪ ಹಾಕಿ ನೋಡು, ಕಿಟಕಿ ಹತ್ರ ನೋಡು, ಬಗ್ಗಿ ನೋಡು. ಬೆಳಿಗ್ಗೆ ಎದ್ದ ಕೂಡ್ಲೇ ಅದೇ, ಮಲಗೋ ತನಕ ಅದೇ. ಫೋನಲ್ಲಿ ಒಂದೇ ಕೆನ್ನೆಯ ಫೋಟೋ, ಸಾವಿರಾರು. ಉಗುರಲ್ಲಿ ಕೆರೆದು ಕೆರೆದು ನಿಜವಾಗಿ ಗಾಯ ಮಾಡ್ಕೊಳ್ತಾರೆ. ಕಪಾಟಿನ ಕನ್ನಡಿ ಬಿಟ್ಟು ಮನೆಯ ಬೇರೆ ಎಲ್ಲ ಕನ್ನಡಿಗೂ ಹೆದರಿಕೆ."

"ಅದೊಂದು ಯಾಕೆ ಬಿಟ್ಟದ್ದು?"

"ಅದರ ಮುಂದೆಯೇ ಅಲ್ವಾ ಇಡೀ ದಿನ ನಿಲ್ಲೋದು."

ಒಲೆಯ ಮೇಲಿನ ಪತ್ತಿರಿ ಉಬ್ಬಿ ಕೂತಿತು. ತಿರುವಿ ಹಾಕಲು ಇಬ್ಬರಿಗೂ ನೆನಪಾಗಲಿಲ್ಲ.

"ಹೋದ ವಾರ ಸಾಕಾಯ್ತು ಉಮ್ಮ," ಎಂದಳು ನಜ್ಲಾ ಮೆಲ್ಲಗೆ. "ಹೌದು, ಒಂಚೂರು ಉಂಟು ಅಂದುಬಿಟ್ಟೆ. ಸುಮ್ಮನಾಗ್ತಾರೆ ಅಂತ. ಅವರ ಮುಖ ನೀವು ನೋಡ್ಬೇಕಿತ್ತು. ಖುಷಿ ಆಯ್ತು ಉಮ್ಮ ಅವರಿಗೆ! 'ನೋಡಿದ್ಯಾ, ನಂಗೆ ಗೊತ್ತಿತ್ತು' ಅಂದ್ರು. ಅವತ್ತೇ ಕೋಳಿಕ್ಕೋಡಿನ ಯಾವುದೋ ಕ್ಲಿನಿಕ್ಕಿಗೆ ಫೋನು ಮಾಡಿ ದಿನ ಗೊತ್ತು ಮಾಡಿದ್ರು. ಲೇಸರಲ್ಲಿ ಮುಖದ ಮೇಲಿನ ಚರ್ಮ ಸುಟ್ಟು ತೆಗೀತಾರಂತೆ. ಬರೋ ಗುರುವಾರ."

"ಏನಿಲ್ಲದ ಮುಖವನ್ನಾ?"

"ನಾನೇ ಉಂಟು ಅಂದದ್ದಲ್ವಾ," ಎಂದು ನಜ್ಲಾ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು.

ಸುಹರಾ ಸುಟ್ಟ ಪತ್ತಿರಿ ತೆಗೆದು ಕಾಗೆಗಳಿಗೆ ಎಸೆದಳು. ಮಗಳ ಕೈ ತೊಳೆಸಿದಳು. "ಗುರುವಾರಕ್ಕೆ ಮುಂಚೆ ಇಲ್ಲಿಯ ಒಬ್ಬ ಡಾಕ್ಟ್ರಿಗೆ ತೋರಿಸೋಣ ಅಂತ ಹೇಳು. ಚರ್ಮದ ಡಾಕ್ಟ್ರೇ ಆಗ್ಲಿ. ಬರ್ತಾರಾ?"

"ಚರ್ಮದ ಡಾಕ್ಟ್ರು ಅಂದ್ರೆ ಎಲ್ಲಿಗೆ ಬೇಕಾದ್ರೂ ಬರ್ತಾರೆ. ನೀವೂ ಬನ್ನಿ ಉಮ್ಮ. ಒಬ್ಬಳೇ ನಂಗೆ ಆಗೋದಿಲ್ಲ."

*

ಡಾಕ್ಟರ್ ಶ್ರೀಕಲಾ ಅವರ ಚರ್ಮದ ಕ್ಲಿನಿಕ್ಕು ರೈಲ್ವೆ ಗೇಟಿನ ಆಚೆ, ಔಷಧಿ ಅಂಗಡಿಯ ಮೇಲೆ. ಅಬೂಟಿ ಕಾರು ನಿಲ್ಲಿಸಿ ಕೆಳಗೇ ಉಳಿದ. ಕಾಯುವ ಕೋಣೆಯಲ್ಲಿ ಸಫ್ವಾನ್ ಕಿಟಕಿಗೆ ಎಡಗೆನ್ನೆ ಮರೆಯಾಗುವ ಹಾಗೆ ಕುರ್ಚಿ ಆರಿಸಿಕೊಂಡ. ಬೆಳಕು ಬದಲಾದ ಹಾಗೆ ಕುರ್ಚಿ ಬದಲಿಸಿದ. ಸುಹರಾ ಅವನ ಚಪ್ಪಲಿಗಳು ಮೂಲೆಯಿಂದ ಮೂಲೆಗೆ ಸರಿಯುವುದನ್ನು ನೋಡುತ್ತಿದ್ದಳು.

ಒಳಗೆ ಒಂದು ಯಂತ್ರವಿತ್ತು. ಅಕ್ಕಿ ಡಬ್ಬಿಯಷ್ಟು ದೊಡ್ಡ ಬಿಳಿ ಪೆಟ್ಟಿಗೆ, ಮುಖವಿಡಲು ಒಂದು ಕುಳಿ. ಸಹಾಯಕಿ ಹುಡುಗಿ ರೂಢಿಯಂತೆ, "ಇಲ್ಲಿ ಗದ್ದ ಇಡಿ ಸಾರ್," ಎಂದಳು. ಸಫ್ವಾನ್ ಕಾಯುತ್ತಿದ್ದವನ ಹಾಗೆ ಮುಖ ತೂರಿಸಿದ. ಒಳಗೆ ನೀಲಿ ಬೆಳಕು ಹತ್ತಿತು. ಪರದೆಯ ಮೇಲೆ ಒಂದು ಮುಖ ಮೂಡಿತು, ನೇರಳೆ ಬಣ್ಣ, ಕಣ್ಣುಗಳ ಜಾಗದಲ್ಲಿ ಕತ್ತಲು, ಎಲ್ಲೆಡೆ ಚುಕ್ಕೆ ಚುಕ್ಕೆ, ನೀರಿನಲ್ಲಿ ಬಹಳ ದಿನ ಇದ್ದ ಮುಖದಂತೆ. ಸುಹರಾ ಅಳಿಯನ ಮುಖವೆಂದು ಮೊಟ್ಟಮೊದಲು ಕಂಡದ್ದು ಅದನ್ನು. ಬಾಯಲ್ಲಿ ತಾನಾಗಿಯೇ ಪ್ರಾರ್ಥನೆ ಬಂತು.

"ಆ ಮಷೀನು ಆಫ್ ಮಾಡು ಮಾ," ಎಂದರು ಡಾಕ್ಟರು ಒಳಗೆ ಬರುತ್ತಲೇ. "ಆ ಬೆಳಕಲ್ಲಿ ನನ್ನ ಮುಖ ಇಟ್ಟರೂ ಹೀಗೇ ಕಾಣೋದು. ಈ ಕಡೆ ಕೂತ್ಕೊಳ್ಳಿ ಸಫ್ವಾನ್."

ಭೂತಗನ್ನಡಿ ಹಿಡಿದು ಅವರು ಕೆನ್ನೆಯನ್ನು ನಿಧಾನವಾಗಿ ನೋಡಿದರು. ಆಮೇಲೆ ಅದನ್ನು ಮೇಜಿನ ಮೇಲೆ ಬೋರಲು ಇಟ್ಟರು. ಚರ್ಮದ ಬಗ್ಗೆ ಏನೂ ಹೇಳಲಿಲ್ಲ, ಬೇರೇನೋ ಕೇಳತೊಡಗಿದರು.

"ದಿನದಲ್ಲಿ ಎಷ್ಟು ಹೊತ್ತು ಇದರ ಯೋಚನೆ ಬರ್ತದೆ?"

ಸಫ್ವಾನ್ ನಕ್ಕ. "ಬರೋದಲ್ಲ ಡಾಕ್ಟ್ರೇ. ಹೋಗೋದೇ ಇಲ್ಲ."

"ಇದ್ರಿಂದ ಏನೇನು ಬಿಟ್ಟಿರಿ?"

"ಅಂಗಡಿ. ಮಸೀದಿಯಲ್ಲಿ ಮುಂದಿನ ಸಾಲು. ಸ್ನೇಹಿತರು." ಸ್ವಲ್ಪ ತಡೆದು, "ಇವಳ ಜೊತೆ ಹಗಲು ಹೊತ್ತು ಕೂತ್ಕೊಳ್ಳೋದು," ಎಂದ.

"ಕೆನ್ನೆಗಿಂತ ಮುಂಚೆ ಬೇರೆ ಏನಾದ್ರೂ ಇತ್ತಾ?"

"ಮೂಗು. ಕಾಲೇಜಲ್ಲಿ," ಎಂದ.

"ಜೀವ ಬೇಡ ಅನ್ನಿಸಿದ್ದು ಉಂಟಾ?"

ನಜ್ಲಾಳ ಕೈ ತಾಯಿಯ ಕೈಯನ್ನು ಹಿಡಿಯಿತು. ಡಾಕ್ಟರು ಅವಸರ ಮಾಡಲಿಲ್ಲ. ಕೊನೆಗೆ ಅವನೇ, "ಮದುವೆಗೆ ಮುಂಚೆ, ಒಂದೆರಡು ಸಲ. ಈಗಿಲ್ಲ," ಎಂದ.

"ಹೇಳಿದ್ದು ಒಳ್ಳೇದಾಯ್ತು. ಸಫ್ವಾನ್, ನಾನು ಈ ಚರ್ಮಕ್ಕೆ ಏನೂ ಮಾಡೋದಿಲ್ಲ. ಸುಡಿಸಲಿಕ್ಕೂ ಬಿಡೋದಿಲ್ಲ. ಸುಟ್ಟ ಮೇಲೆ ನಿಮ್ಮ ಕಣ್ಣು ಇನ್ನೊಂದು ಜಾಗ ಹುಡುಕ್ತದೆ. ನಿಮ್ಮ ಸಂಕಟ ನಿಜ, ನಾಟಕ ಅಲ್ಲ. ಆದ್ರೆ ಅದು ಇರೋದು ಚರ್ಮದಲ್ಲಲ್ಲ. ಇದೊಂದು ಕಾಯಿಲೆ, ಹೆಸರುಂಟು, ಡಿಸ್‌ಮಾರ್ಫಿಯ ಅಂತ. ತನ್ನ ರೂಪವನ್ನ ತನ್ನ ಮನಸ್ಸೇ ತಿರುಚಿ ತೋರಿಸೋದು. ನನ್ನಂಥ ಕ್ಲಿನಿಕ್ಕಿಗೆ ಇಂಥವರು ಬರ್ತಾನೇ ಇರ್ತಾರೆ, ನಾವು ಕ್ರೀಮು ಬರೆದುಕೊಟ್ಟು ಕಳಿಸ್ತಾ ಇರ್ತೇವೆ. ಮೇಲಿನ ಮಹಡಿಯಲ್ಲಿ ಮನಸ್ಸಿನ ಡಾಕ್ಟ್ರಿದ್ದಾರೆ, ಗುರುವಾರ ಬರ್ತಾರೆ. ಮದ್ದುಂಟು, ಕೂತು ಮಾತಾಡಿ ಮಾಡೋ ಚಿಕಿತ್ಸೆ ಉಂಟು. ಕಡಿಮೆ ಆಗ್ತದೆ."

"ಅಂದ್ರೆ ನಂಗೆ ಹುಚ್ಚು."

"ಹಾಗೆ ನಾನು ಹೇಳಲಿಲ್ಲ."

"ಎಲ್ಲರೂ ಸೇರ್ಕೊಂಡಿದ್ದೀರಿ." ಕುರ್ಚಿ ಸರಿದ ಸದ್ದು. ಚಪ್ಪಲಿಗಳು ಎದ್ದು ನಿಂತವು. "ನನ್ನ ಮುಖದಲ್ಲಿ ಏನೂ ಇಲ್ಲ ಅಂತೀರಿ. ಹಾಗಾದ್ರೆ ಇವರನ್ನ ಕೇಳಿ! ಅಮ್ಮಾಯಿಯನ್ನ! ನಾನು ಆ ಮನೆಗೆ ಬಂದಾಗಿಂದ ಒಂದೇ ಒಂದು ಸಲ ನನ್ನ ಮುಖ ನೋಡಿದ್ದಾರಾ? ನನ್ನ ಕಂಡ ಕೂಡ್ಲೇ ಮುಖ ತಿರುಗಿಸ್ತಾರೆ. ಪರದೆ ಹಾಕ್ತಾರೆ. ನಿಕಾಹಿನ ದಿನವೂ ನೋಡಲಿಲ್ಲ. ನೋಡಿ, ಈಗಲೂ ನೆಲ ನೋಡ್ತಾ ಕೂತಿದ್ದಾರೆ. ಯಾಕೆ? ಯಾಕೆ ನೋಡ್ಲಿಕ್ಕೆ ಆಗೋದಿಲ್ಲ ಅವರಿಗೆ?"

ಸುಹರಾ ನೆಲವನ್ನೇ ನೋಡುತ್ತಿದ್ದಳು. ನೋಡಬೇಕು, ಈಗಲೇ ನೋಡಬೇಕು ಎಂದುಕೊಂಡಳು. ಆದರೆ ಕತ್ತು ಏಳಲಿಲ್ಲ. ಚಿಕ್ಕಂದಿನಿಂದ ತಾಯಿಯ ಕತ್ತು ಬಾಗಿದ್ದನ್ನು ನೋಡಿ ಬಾಗಲು ಕಲಿತ ಕತ್ತು ಅದು. ರೆಪ್ಪೆಗಳ ಮೇಲೆ ಯಾರೋ ಭಾರ ಇಟ್ಟ ಹಾಗಿತ್ತು. ಅವಳು ಎತ್ತುವಷ್ಟರಲ್ಲಿ ಚಪ್ಪಲಿಗಳು ಬಾಗಿಲು ದಾಟಿದ್ದವು.

*

"ಕಾರಲ್ಲಿ ಒಂದು ಮಾತಿಲ್ಲ," ಎಂದ ಅಬೂಟಿ ಆ ಸಂಜೆ, ಅಡುಗೆಮನೆಯ ಕಟ್ಟೆಯಲ್ಲಿ ಕೂತು. "ಇಳಿಯುವಾಗ ಹೇಳಿದ, ಗುರುವಾರ ಬೆಳಿಗ್ಗೆ ಸ್ಟೇಷನ್ನಿಗೆ ಆಟೋ ಹೇಳಿದ್ದೇನೆ, ಯಾರೂ ತಡೀಬಾರ್ದು ಅಂತ."

"ಡಾಕ್ಟ್ರು ನನ್ನ ಹತ್ರ ಒಂದು ಹೇಳಿದ್ದಾರೆ," ಎಂದಳು ನಜ್ಲಾ. "ಉಂಟು ಅನ್ನಲೂಬೇಡಿ, ಇಲ್ಲ ಅಂತ ವಾದಿಸಲೂಬೇಡಿ. ಆ ಮಾತಿಗೇ ಸಿಕ್ಕಿಕೊಳ್ಳಬೇಡಿ. ಹೇಗಾದ್ರೂ ಮೇಲಿನ ಮಹಡಿಗೆ ಕರಕೊಂಡು ಬನ್ನಿ ಅಂತ."

ಸುಹರಾ ಮೀನು ಕೊಯ್ಯುತ್ತಿದ್ದಳು. ಕತ್ತಿ ಕೆಳಗಿಟ್ಟಳು. "ನಾನು ನೋಡ್ತೇನೆ."

"ಎಂತ ನೋಡ್ತಿ?" ಎಂದಳು ಕುಂಞಿಪ್ಪಾತು.

"ಪುದಿಯಾಪ್ಳನ ಮುಖ. ಎದುರು ಕೂತು."

ಮುದುಕಿಯ ಕುಟ್ಟಾಣಿ ನಿಂತಿತು. "ನಾನು ಸತ್ತಿಲ್ಲ ಇನ್ನೂ."

"ಅವರು ತನ್ನ ಮುಖ ಹೇಸಿಗೆ ಅಂತ ತಿಳ್ಕೊಂಡಿದ್ದಾರೆ ಉಮ್ಮ! ನಾವು ಮರ್ಯಾದೆ ಅಂತ ಮಾಡಿದ್ದು!"

"ಮರ್ಯಾದೆ ಗೊತ್ತಿಲ್ಲದವನಿಗೆ ನಾನೆಂತ ಮಾಡ್ಲಿ? ನಿನ್ನ ಗಂಡನ ಮುಖ ನಾನು ಇವತ್ತಿಗೂ ನೋಡಿಲ್ಲ. ಅವನೇನು ಕನ್ನಡಿ ತಿರುಗಿಸಿದ್ನಾ?"

ಅಬೂಟಿ ನಗಲಿಲ್ಲ. ಯಾವಾಗಲೂ ನಗುವವನು ನಗದಿದ್ದಾಗ ಎಲ್ಲರೂ ಅವನ ಕಡೆ ತಿರುಗಿದರು, ಮುದುಕಿಯೊಬ್ಬಳನ್ನು ಬಿಟ್ಟು.

"ತಿರುಗಿಸಲಿಲ್ಲ," ಎಂದ. "ಆದ್ರೆ ಮೊದಲನೇ ವರ್ಷ ನಾನೂ ಅದನ್ನೇ ಅಂದ್ಕೊಂಡಿದ್ದೆ. ನಾನು ಕಪ್ಪು, ಇವರ ಮಗಳು ಬಿಳಿ. ಅದಕ್ಕೇ ಅಮ್ಮಾಯಿ ಕಣ್ಣೆತ್ತಿ ನೋಡೋದಿಲ್ಲ ಅಂತ. ಪೌಡರು ಹಾಕ್ತಿದ್ದೆ. ಸುಹರಾಳನ್ನ ಕೇಳಿ."

"ಹೌದು," ಎಂದಳು ಸುಹರಾ, ಇಷ್ಟು ವರ್ಷಕ್ಕೆ ಮೊದಲ ಸಲ ಅದರ ಅರ್ಥವಾದವಳಂತೆ.

"ನಂಗೆ ಆಮೇಲೆ ಹೋಯ್ತು. ನಾನು ದಪ್ಪ ಚರ್ಮದವನು. ಅವನಿಗೆ ಹೋಗಲಿಲ್ಲ, ಅಷ್ಟೇ."

ಕುಂಞಿಪ್ಪಾತು ಕುಟ್ಟಾಣಿಯನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿಂದ, "ಏನು ಬೇಕಾದ್ರೂ ಮಾಡಿ. ನಾನು ಆ ಹೊತ್ತಿಗೆ ಈ ಕಡೆ ಬರೋದಿಲ್ಲ," ಎಂದಳು. ಅವಳಿಂದ ಅಷ್ಟು ಬಂದದ್ದೇ ಹೆಚ್ಚು.

*

ಗುರುವಾರ ಬೆಳಿಗ್ಗೆ ಅಕ್ಕಿಹಿಟ್ಟು, ತೆಂಗಿನ ತುರಿಯ ಪುಟ್ಟು ಬೆಂದಿತ್ತು, ಮೀನಿನ ಸಾರು ಕುದಿದಿತ್ತು. ಸಫ್ವಾನ್ ಬಟ್ಟೆ ಹಾಕಿ, ಚೀಲ ಸಿದ್ಧಮಾಡಿ ಊಟದ ಕೋಣೆಗೆ ಬಂದದ್ದು ಕಾಲಸಪ್ಪಳದಲ್ಲಿ ತಿಳಿಯಿತು. ಕೈತೊಳೆಯುವ ಜಾಗದ ಬಳಿ ಸಪ್ಪಳ ನಿಂತಿತು, ಎಂದಿನಂತೆ. ಕನ್ನಡಿಯ ಬೆನ್ನಿಗೂ ಅವನು ಹೆದರುತ್ತಾನೆಯೆ? ಮತ್ತೆ ಹೆಜ್ಜೆ. ಕುರ್ಚಿ.

ಅಬೂಟಿ ತಟ್ಟೆಗೆ ಕೈ ಚಾಚಿದ. ಸುಹರಾ ತಲೆಯಾಡಿಸಿದಳು. ತಾನೇ ತಟ್ಟೆ ಹಿಡಿದು, ಪರದೆಯನ್ನು ಹೆಗಲಿನಿಂದ ಸರಿಸಿ ಒಳಗೆ ಹೋದಳು. ತಟ್ಟೆ ಇಟ್ಟು, ಎದುರಿನ ಕುರ್ಚಿ ಎಳೆದು ಕೂತಳು. ನಿಧಾನವಾಗಿ, ಭಾರದ ಬಿಂದಿಗೆ ಎತ್ತುವ ಹಾಗೆ, ಕಣ್ಣೆತ್ತಿದಳು.

ಅಪರಿಚಿತನೊಬ್ಬ ಕೂತಿದ್ದ.

ಇಷ್ಟು ದಿನ ಆ ಪಾದಗಳಿಗೆ, ಆ ಕೆಮ್ಮಿಗೆ ಅವಳು ತನಗರಿವಿಲ್ಲದೆ ಒಂದು ಮುಖ ಕಟ್ಟಿಕೊಂಡಿದ್ದಳು. ಇದು ಆ ಮುಖವಲ್ಲ. ಹಾಗಾದರೆ ಇಷ್ಟು ದಿನ ಅವಳು ಯಾರಿಗೆ ಬೇಯಿಸಿ ಹಾಕಿದ್ದು? ಅವನ ಕೈ ಚಟ್ಟನೆ ಎಡಗೆನ್ನೆ ಮುಚ್ಚಿತು. ಕಣ್ಣುಗಳು ಬೇಟೆಗೆ ಸಿಕ್ಕ ಪ್ರಾಣಿಯಂತೆ ಅವಳ ಮೇಲೆ ನೆಟ್ಟಿದ್ದವು.

ಅವಳು ನೋಡುತ್ತಲೇ ಇದ್ದಳು. ಬಹಳ ಹೊತ್ತಾದ ಮೇಲೆ ಕೈ ತಾನಾಗಿ ಕೆಳಗೆ ಜಾರಿತು, ಸೋತು.

ಕಿಟಕಿಯ ಬೆಳಕು ಓರೆಯಾಗಿ ಬಿದ್ದಿತ್ತು. ಸುಹರಾ ತನಗೆ ತಿಳಿಯದೆಯೇ ಆ ಕೆನ್ನೆಯಲ್ಲಿ ಹುಡುಕತೊಡಗಿದಳು. ಅಲ್ಲೊಂದು ನೆರಳು. ಗುಂಡಿಯೆ? ಇಲ್ಲ. ಇನ್ನೊಂದು? ಹುಡುಕಿದಷ್ಟೂ ಚರ್ಮ ಸಣ್ಣಗೆ ಅಲುಗಿದಂತೆ, ಒಳಗಿಂದ ಏನೋ ಮೇಲೆ ಬರುತ್ತಿರುವಂತೆ ಕಂಡಿತು. ಇನ್ನೊಂದು ಗಳಿಗೆ ಹಾಗೇ ನೋಡಿದ್ದರೆ ಅವಳಿಗೂ ಕಂಡೇ ಬಿಡುತ್ತಿತ್ತು. ಬಾವಿಯ ಅಂಚಿಗೆ ಬಂದವಳಂತೆ ಅವಳು ಹಿಂದೆ ಸರಿದಳು. ಕೆನ್ನೆ ಬಿಟ್ಟು ಮುಖವನ್ನು ನೋಡಿದಳು. ದಣಿದ ಹುಡುಗ. ನಿದ್ದೆಯಿಲ್ಲದ ಕಣ್ಣು. ಮೇಲ್ದುಟಿಯ ಮೇಲೆ ಬೆವರು. ಹೊಟ್ಟೆಗಿಲ್ಲದೆ ಎದ್ದ ಮೂಳೆ.

"ಕಾಣ್ತದಾ ಅಮ್ಮಾಯಿ?" ಅವನ ದನಿ ಕೇಳಿಸದಷ್ಟು ಸಣ್ಣದಿತ್ತು.

"ಮೊದಲು ತಿನ್ನು ಮೋನೆ. ಆರಿದ್ರೆ ಪುಟ್ಟು ಗಟ್ಟಿ ಆಗ್ತದೆ."

ಅವಳು ಅವನನ್ನು ಮಗ ಎಂದದ್ದು, ನೀನು ಎಂದದ್ದು ಅದೇ ಮೊದಲು. ಅವನು ತಲೆ ತಗ್ಗಿಸಿ ಪುಟ್ಟು ಮುರಿದ. ಅವಳು ಕಣ್ಣು ತೆಗೆಯಲಿಲ್ಲ. ಒಂದು ತುತ್ತು. ಎರಡು. ಹಸಿವಿತ್ತು ಅವನಿಗೆ. ಇಷ್ಟು ದಿನವೂ ಇತ್ತು.

"ಈ ಮನೆಯಲ್ಲಿ ಅಮ್ಮಾಯಿಯರು ಪುದಿಯಾಪ್ಳನ ಮುಖ ನೋಡೋದಿಲ್ಲ," ಎಂದಳು. "ನನ್ನ ಉಮ್ಮ ನಿನ್ನ ಮಾವನ ಮುಖ ಇವತ್ತಿನ ತನಕ ನೋಡಿಲ್ಲ. ಅವರಿಗೆ ಗಡ್ಡ ಉಂಟು ಅಂತಲೇ ತಿಳ್ಕೊಂಡಿದ್ದಾರೆ. ಹಳೇ ಕಾಲದ ಮರ್ಯಾದೆ ಅದು. ನಿಂಗೆ ಯಾರೂ ಹೇಳಲಿಲ್ಲ. ಹೇಳ್ಬೇಕು ಅಂತ ನಮಗೆ ಹೊಳೀಲೇ ಇಲ್ಲ."

ಸಫ್ವಾನ್ ಅಗಿಯುವುದನ್ನು ನಿಲ್ಲಿಸಿದ. ನಂಬಲೋ ಬೇಡವೋ ಎಂಬಂತೆ ಅವಳನ್ನು ನೋಡಿದ.

ಹೊರಗೆ ಆಟೋ ಬಂದು ನಿಂತು ಹಾರ್ನು ಹೊಡೆಯಿತು.

ಅವನು ಅರ್ಧ ಎದ್ದ. "ಗದ್ದದ ಮೇಲೆ ತೆಂಗಿನ ತುರಿ ಅಂಟಿದೆ," ಎಂದಳು ಸುಹರಾ. ನಿಜವಾಗಿಯೂ ಅಂಟಿತ್ತು.

ಅವನ ತಲೆ ರೂಢಿಯಂತೆ ಕೈತೊಳೆಯುವ ಜಾಗದ ಕಡೆ ತಿರುಗಿತು. ಅಲ್ಲಿ ಕಂದು ಹಲಗೆ. ಷೋಕೇಸಿನ ಮೇಲೆ ಶಾಲು. ಮೇಜಿನ ಮೇಲೆ ಬೋರಲು ಬಿದ್ದ ಪರಾತ. ಎಲ್ಲವನ್ನೂ ಅವನೇ ಮುಚ್ಚಿದ್ದ. ಆ ಕೋಣೆಯಲ್ಲಿ ಅವನ ಮುಖ ಕಾಣುವ ಜಾಗ ಒಂದೇ ಉಳಿದಿತ್ತು, ಎದುರು ಕೂತಿದ್ದ ಹೆಂಗಸಿನ ಕಣ್ಣು.

ಅವನು ಬಲಗೈಯಿಂದ ಗದ್ದ ಒರೆಸಿದ. "ಈಗ?"

"ಇನ್ನೂ ಕೆಳಗೆ."

"ಈಗ?"

"ಇನ್ನೊಂಚೂರು ಉಂಟು. ಈ ಬದಿ."

ಹಾರ್ನು ಮತ್ತೆ ಹೊಡೆಯಿತು, ಈ ಸಲ ಉದ್ದಕ್ಕೆ. ಪರದೆಯ ಹಿಂದೆ ನಜ್ಲಾಳ ಬಳೆಯ ಸದ್ದು ಕೇಳಿಸಿ ನಿಂತಿತು.

"ಈಗ?"

"ಹೋಯ್ತು," ಎಂದಳು ಸುಹರಾ.

ಅವನು ಮತ್ತೆ ಒರೆಸಲಿಲ್ಲ. ಮತ್ತೆ ಕೇಳಲಿಲ್ಲ. ಕೈ ತಟ್ಟೆಗೆ ಇಳಿಯಿತು. ಉಳಿದಿದ್ದ ಪುಟ್ಟನ್ನು ಸಾರಿನಲ್ಲಿ ಕಲಸಿ, ತಲೆಯೆತ್ತದೆ, ಒಂದೊಂದಾಗಿ ಎಲ್ಲ ತಿಂದ. ಅವನ ಕಣ್ಣಿನಿಂದ ತಟ್ಟೆಗೆ ಏನೋ ಬಿದ್ದದ್ದನ್ನೂ ಅವಳು ನೋಡಿದಳು, ನೋಡಿಯೂ ಮುಖ ತಿರುಗಿಸಲಿಲ್ಲ.

"ನಾಳೆಯೂ ಇಲ್ಲಿ ಕೂತ್ಕೊಳ್ತೀರಾ?"

"ಎಲ್ಲಿ ಕೂತ್ಕೊಳ್ಳಲಿ ಮತ್ತೆ? ನಿಂತು ನಿಂತು ಮಂಡಿ ಹೋಗಿದೆ ನಂಗೆ."

ಅವನು ಕೈ ತೊಳೆದು ಚೀಲ ಎತ್ತಿಕೊಂಡು 'ನಜ್ಲಾ' ಎಂದು ಕರೆದ. ಹೊರಗೆ ಆಟೋದವನ ಜೊತೆ ಅವನ ಮಾತು ಕೇಳಿಸಿತು: "ಸ್ಟೇಷನ್ ಬೇಡ. ರೈಲ್ವೆ ಗೇಟಿನ ಆಚೆ ಬಿಡಿ. ಔಷಧಿ ಅಂಗಡಿಯ ಮೇಲೆ, ಎರಡನೇ ಮಹಡಿ." ದನಿಯಲ್ಲಿ ಧೈರ್ಯವೇನೂ ಇರಲಿಲ್ಲ. ಆಟೋ ಹೊರಟಿತು.

ಸುಹರಾ ತಟ್ಟೆ ತೆಗೆದು, ಮೇಜು ಒರೆಸಿದಳು. ಒದ್ದೆ ಟವೆಲು ಬದಲಿಸಲು ಕೈತೊಳೆಯುವ ಜಾಗಕ್ಕೆ ಬಂದಳು. ಕನ್ನಡಿ ಇನ್ನೂ ಗೋಡೆಯನ್ನೇ ನೋಡುತ್ತಿತ್ತು. ಅದರ ಬೆನ್ನ ಮೇಲೆ ಧೂಳು ಕೂತಿತ್ತು, ಮೂಲೆಯಲ್ಲಿ ಜೇಡ ಬಲೆ ಕಟ್ಟಿತ್ತು. ಸೆರಗಿನಿಂದ ಅದನ್ನೆಲ್ಲ ಒರೆಸುವಾಗ, ಹಲಗೆಯ ಆಚೆ ಯಾರೋ ಉಸಿರು ಬಿಗಿಹಿಡಿದು ನಿಂತಿರುವಂತೆ ಅವಳಿಗೆ ಒಂದು ಗಳಿಗೆ ಅನ್ನಿಸಿತು. ಅವಳು ಕನ್ನಡಿಯನ್ನು ತಿರುಗಿಸಲಿಲ್ಲ. ಒಣಗಿದ ಟವೆಲು ನೇತುಹಾಕಿ, ನಾಳೆಗೆ ಅಕ್ಕಿ ನೆನೆಹಾಕಲು ಒಳಗೆ ಹೋದಳು.